ಮಗನನ್ನು ಕಳೆದುಕೊಂಡ ತಂಗಿಗೆ ಏನು ಹೇಳಲಿ?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ತಂಗಿಯನ್ನು ಮದ್ದೂರು ಕಡೆಯ ಹಳ್ಳಿಗೆ ಕೊಟ್ಟಿದ್ದೇವೆ. ಎರಡು ತಿಂಗಳ ಹಿಂದೆ ಅವಳ 19 ವರ್ಷದ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ತಿಥಿ ಮುಗಿಯುವವರೆಗೆ ಮನೆ ತುಂಬ ಜನ ಇದ್ದರು, ಈಗ ಯಾರೂ ಬರುವುದಿಲ್ಲ. ತಂಗಿ ಜಾಸ್ತಿ ಅಳುವುದೂ ಇಲ್ಲ. ಸಂಜೆ ಬೈಕ್ ಸದ್ದು ಕೇಳಿದರೆ ಎದ್ದು ಬಾಗಿಲಿಗೆ ಹೋಗುತ್ತಾಳೆ. ಅವನ ಅಂಗಿಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ಗಾಳಿ ಸೋಕಿದೆ, ಶಾಸ್ತ್ರ ಕೇಳಿಸಿ ಅಂತ ಊರಲ್ಲಿ ಹೇಳುತ್ತಾರೆ. ಅವಳು ನೋಡಬಾರದು ಅಂತ ಹುಡುಗನ ಫೋಟೊ ಒಳಗಿಟ್ಟಿದ್ದಾರೆ. ಗಂಡ ತಿಥಿ ಆದ ಮಾರನೇ ದಿನವೇ ಕಬ್ಬಿನ ಗದ್ದೆಗೆ ಹೋದರು, ಮನೆಯಲ್ಲಿ ಮಾತಿಲ್ಲ. 9 ವರ್ಷದ ಮಗಳಿಗೆ ‘ಅಣ್ಣ ದೇವರ ಹತ್ರ ಹೋಗಿದಾನೆ, ಬತ್ತನೆ’ ಅಂತ ಹೇಳಿದ್ದಾರೆ. ನಿದ್ದೆ ಬರಲಿ ಅಂತ ತಂಗಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಕೊಡುತ್ತಿದ್ದಾರೆ. ದುಃಖಕ್ಕೆ ಐದು ಹಂತ ಇರುತ್ತದೆ ಅಂತ ನನ್ನ ಮಗಳು ಮೊಬೈಲಿನಲ್ಲಿ ಓದಿದ್ದಾಳೆ. ಇವಳು ಯಾವ ಹಂತದಲ್ಲಿದ್ದಾಳೆ? ಹೋದ ಸಲ ಫೋನ್ ಮಾಡಿದಾಗ, ‘ಬೈಕ್ ಕೊಡಿಸಿ ಅಂತ ಹಠ ಮಾಡಿದ್ದು ನಾನೇ ಅಕ್ಕ, ನಾನೂ ಅವನ ಹಿಂದೇನೇ ಹೋಯ್ತೀನಿ’ ಅಂದಳು. ‘ಹಂಗೆಲ್ಲ ಮಾತಾಡಬೇಡ’ ಅಂತ ಹೇಳಿ ಫೋನ್ ಇಟ್ಟುಬಿಟ್ಟೆ. ಅವತ್ತಿನಿಂದ ಫೋನ್ ಮಾಡೋದಕ್ಕೇ ಭಯ. ಏನೋ ಹೇಳಲು ಹೋಗಿ ಇನ್ನೇನೋ ಆದರೆ? ಅವಳನ್ನು ಮೈಸೂರಿಗೆ ಕರೆದುಕೊಂಡು ಬಂದುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಬಹಳ ವಿಷಯ ಇದೆ. ಆದರೆ ಮೊದಲು ಉತ್ತರ ಬೇಕಾಗಿರುವುದು ‘ಅವನ ಹಿಂದೇನೇ ಹೋಯ್ತೀನಿ’ ಅನ್ನುವ ಮಾತಿಗೆ.

ಮಗು ಕಳೆದುಕೊಂಡ ತಾಯಂದಿರು ಈ ಮಾತು ಆಡುವುದನ್ನು ನಮ್ಮ ಕೌನ್ಸೆಲಿಂಗ್ ಕೆಲಸದಲ್ಲಿ ಆಗಾಗ ಕೇಳುತ್ತೇವೆ. ಎಷ್ಟೋ ಸಲ ಅದರ ಅರ್ಥ ‘ಅವನಿಲ್ಲದೆ ಹೇಗಿರಲಿ’ ಅಂತ ಅಷ್ಟೇ ಇರುತ್ತದೆ. ಕೆಲವು ಸಲ ನಿಜವಾಗಿಯೂ ಸಾಯುವ ಯೋಚನೆ ಇರುತ್ತದೆ. ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಕೇಳಿಯೇ ತಿಳಿಯಬೇಕು. ‘ಸಾಯಬೇಕು ಅನ್ನಿಸ್ತಾ ಇದೆಯಾ? ಹೇಗೆ ಅಂತ ಏನಾದ್ರೂ ಯೋಚನೆ ಮಾಡಿದೀಯಾ?’ ಅಂತ ನೇರವಾಗಿ, ಮೆಲ್ಲಗೆ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತದೆ ಅಂತ ತುಂಬ ಜನ ಹೆದರುತ್ತಾರೆ. ಅದು ತಪ್ಪು ತಿಳಿವಳಿಕೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾರಿಗೂ ಹೇಳಲಾಗದೆ ಒಳಗೇ ಇಟ್ಟುಕೊಂಡಿದ್ದವರಿಗೆ ಹೇಳಲು ದಾರಿ ಆಗುತ್ತದೆ.

‘ಇಲ್ಲ ಅಕ್ಕ, ಸಂಕಟಕ್ಕೆ ಅಂದೆ’ ಅಂದರೆ ಸರಿ. ಹಾಗಂತ ಅವತ್ತಿಗೇ ಮುಗಿಯಿತು ಅಂದುಕೊಳ್ಳಬೇಡಿ, ಮುಂದೆಯೂ ಆಗಾಗ ಕೇಳಿ. ‘ಹೌದು’ ಅಂದರೆ, ಅದರಲ್ಲೂ ಹೇಗೆ, ಯಾವಾಗ ಅಂತ ಹೇಳಿದರೆ, ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬೇಡಿ. ಅವತ್ತೇ ಮಂಡ್ಯದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ ಮನೋರೋಗ ವಿಭಾಗದಲ್ಲಿ ತೋರಿಸಿ. ರಾತ್ರಿಯಾಗಿದ್ದರೆ ತುರ್ತು ವಿಭಾಗಕ್ಕೆ ಹೋಗಿ, ಅಥವಾ 112ಕ್ಕೆ ಫೋನ್ ಮಾಡಿ.

ಅವಳ ಉತ್ತರ ಏನೇ ಇರಲಿ, ಈ ವಾರವೇ ಆಗಬೇಕಾದ ಒಂದು ಕೆಲಸವಿದೆ. ಬೇಸಾಯದ ಮನೆ ಅಂದಮೇಲೆ ಕೊಟ್ಟಿಗೆಯಲ್ಲೋ ಅಟ್ಟದ ಮೇಲೋ ಔಷಧಿ ಡಬ್ಬ ಇದ್ದೇ ಇರುತ್ತದೆ. ಹುಳಕ್ಕೆ ಹೊಡೆಯುವುದು, ಕಳೆಗೆ ಹೊಡೆಯುವುದು, ಅರ್ಧ ಉಳಿದ ಬಾಟಲಿ, ಎಲ್ಲವೂ ಮನೆಯಿಂದ ಆಚೆ ಹೋಗಬೇಕು. ಅವಳ ಗಂಡನ ಜೊತೆ ಮಾತಾಡಿ. ಪಂಪ್‌ಸೆಟ್ ಮನೆಯಲ್ಲಿ ಬೀಗ ಹಾಕಿ ಇಡಲಿ, ಬೀಗದ ಕೈ ಅವರ ಹತ್ತಿರವೂ ಬೇಡ, ಅಣ್ಣನದೋ ತಮ್ಮನದೋ ಮನೆಯಲ್ಲಿರಲಿ. ಗಂಡನೂ ಮಗನನ್ನು ಕಳೆದುಕೊಂಡವರೇ ಅಲ್ವಾ? ಸಾಯಬೇಕು ಅನ್ನುವ ತೀವ್ರವಾದ ಯೋಚನೆ ಬಹಳ ಸಲ ಸ್ವಲ್ಪ ಹೊತ್ತು ಉಕ್ಕಿ ಆಮೇಲೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ. ನಿದ್ದೆ ಮಾತ್ರೆಯ ಇಡೀ ಪಟ್ಟಿಯೂ ಅವಳ ಕೈಯಲ್ಲಿ ಇರುವುದು ಬೇಡ.

ಈಗ ನಿಮ್ಮ ಭಯಕ್ಕೆ ಬರುತ್ತೇನೆ. ಏನೋ ಹೇಳಲು ಹೋಗಿ ಇನ್ನೇನೋ ಆಗುತ್ತದೆ ಅಂತ ನೀವು ಫೋನ್ ಮಾಡುವುದನ್ನೇ ಬಿಟ್ಟಿದ್ದೀರಿ. ನೀವೊಬ್ಬರೇ ಅಲ್ಲ, ಊರಿನವರು, ಅವಳ ಗೆಳತಿಯರು, ಹುಡುಗನ ಸ್ನೇಹಿತರು ಎಲ್ಲರೂ ಇದೇ ಕಾರಣಕ್ಕೆ ದೂರ ಸರಿದಿರುತ್ತಾರೆ. ಆದರೆ ಅವಳಿಗೆ ಕಾಣುವುದು ಒಂದೇ: ಮಗ ಹೋದ, ಅವನ ಹಿಂದೆ ಜನರೂ ಹೋದರು. ಅವಳ ದುಃಖಕ್ಕೆ ಸರಿಯಾದ ಮಾತು ಅಂತ ಒಂದು ಇಲ್ಲ. ನಿಮಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ. ಹುಡುಕುವುದನ್ನು ಬಿಡಿ. ಅವಳಿಗೆ ಬೇಕಾಗಿರುವುದು ಮತ್ತೆ ಮತ್ತೆ ಬರುವ ಒಬ್ಬರು, ಅವನ ಹೆಸರು ಹೇಳಲು ಹೆದರದ ಒಬ್ಬರು.

ಇವತ್ತೇ ಫೋನ್ ಮಾಡಿ. ‘ಅವತ್ತು ನೀನು ಅಂದಿದ್ದು ಕೇಳಿ ಹೆದರಿಬಿಟ್ಟೆ ಕಣೇ, ಅದಕ್ಕೇ ಫೋನ್ ಇಟ್ಟೆ. ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಭಾನುವಾರ ಬರ್ತೀನಿ’ ಅಂತ ಹೇಳಿದರೆ ಸಾಕು. ಸಾಯುವ ಮಾತನ್ನು ಮಾತ್ರ ಭಾನುವಾರಕ್ಕೆ ಮುಂದೂಡಬೇಡಿ, ಇದೇ ಫೋನಿನಲ್ಲಿ ಕೇಳಿ. ಹೋದಾಗ ಅತ್ತರೆ ಅಳಲಿ, ನಿಮಗೂ ಅಳು ಬಂದರೆ ಅಳಿ. ‘ಇನ್ನೊಬ್ಳು ಮಗ್ಳು ಅವ್ಳಲ್ಲ, ಅವ್ಳ್ ಮಕ ನೋಡ್ಕಂಡ್ ಇರವ್ವ’, ‘ದೇವ್ರಿಗೆ ಬೇಕಾಗಿತ್ತು, ಕರ್ಕೊಂಡ’ ಅನ್ನುವ ಮಾತುಗಳನ್ನು ಮಾತ್ರ ಬಿಟ್ಟುಬಿಡಿ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಕೇಳುವವಳಿಗೆ ‘ನಿನ್ನ ದುಃಖ ಸಾಕು ಮಾಡು’ ಅಂದಹಾಗೆ ಕೇಳಿಸುತ್ತದೆ.

ಬೈಕಿನ ವಿಷಯ ಇದಕ್ಕಿಂತ ಕಷ್ಟದ್ದು. ‘ಹಠ ಮಾಡಿದ್ದು ನಾನೇ’ ಅಂತ ಅವಳು ಅಂದ ತಕ್ಷಣ ‘ನಿಂದೇನೂ ತಪ್ಪಿಲ್ಲ ಬಿಡು’ ಅನ್ನಬೇಕು ಅನ್ನಿಸುತ್ತದೆ. ಅದು ನಿಜವೂ ಹೌದು. ಆದರೂ ತಕ್ಷಣ ಹೇಳಬೇಡಿ. ಹೇಳಿದರೆ ಅವಳ ಮಾತು ಅಲ್ಲಿಗೇ ನಿಲ್ಲುತ್ತದೆ, ಒಳಗಿನ ಉರಿ ಹಾಗೇ ಇರುತ್ತದೆ. ‘ಯಾವಾಗ ಕೊಡಿಸಿದ್ದು? ಅವನು ಏನಂದ ಅವತ್ತು?’ ಅಂತ ಕೇಳಿ. ಪೂರ್ತಿ ಹೇಳಲಿ. ಕಾಲೇಜಿಗೆ ಬಸ್ಸು ಸರಿಯಾಗಿ ಸಿಗುತ್ತಿರಲಿಲ್ಲ ಅಂತಲೋ, ಮಗ ಖುಷಿಯಾಗಿರಲಿ ಅಂತಲೋ ಅವಳು ಆ ಹಠ ಮಾಡಿದ್ದು ಅನ್ನುವುದು ಅವಳ ಬಾಯಿಂದಲೇ ಬರುತ್ತದೆ. ಆಗ ಬೇಕಾದರೆ ಹೇಳಿ: ‘ಅವನ ಮೇಲಿನ ಪ್ರೀತಿಗೆ ಕೊಡಿಸಿದೆ, ಹಿಂಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು.’ ಇದನ್ನು ಒಂದು ಸಲ ಕೇಳಿ ಮುಗಿಸಲು ಆಗುವುದಿಲ್ಲ. ಅದೇ ಕತೆಯನ್ನು ಮತ್ತೆ ಮತ್ತೆ ಹೇಳುತ್ತಾಳೆ. ಬೇಸರ ತೋರಿಸದೆ ಕೇಳುವವರು ಸಿಗುವುದು ಕಷ್ಟ, ಅಕ್ಕನಾದ ನಿಮಗೆ ಅದು ಸಾಧ್ಯ.

ಫೋಟೊ ಒಳಗಿಟ್ಟಿರುವುದು ತಪ್ಪಾಯಿತು. ಅವನ ಹೆಸರೆತ್ತಿದರೆ ಅವಳಿಗೆ ನೆನಪಾಗುತ್ತದೆ ಅಂತ ಮನೆಯವರು ಅಂದುಕೊಂಡಿದ್ದಾರೆ. ಆದರೆ ಅವಳು ಮರೆತಿದ್ದಾದರೂ ಯಾವಾಗ? ಫೋಟೊ ಎಲ್ಲಿರಬೇಕು ಅಂತ ಅವಳನ್ನೇ ಕೇಳಿ. ಹೊರಗೆ ಬೇಕು ಅಂದರೆ ಹೊರಗಿಡಿ, ಈಗ ನೋಡಲು ಆಗಲ್ಲ ಅಂದರೆ ಹಾಗೇ ಇರಲಿ. ಅಂಗಿ ದಿಂಬಿನ ಕೆಳಗೇ ಇರಲಿ. ಒಗೆದು ಬಿಡುವುದು, ಯಾರಿಗಾದರೂ ಕೊಟ್ಟುಬಿಡುವುದು ಬೇಡವೇ ಬೇಡ. ಅದರಲ್ಲಿ ಅವನ ವಾಸನೆ ಇದೆ. ಸತ್ತವರ ನಂಟನ್ನು ಕಡಿದುಕೊಂಡರೇ ದುಃಖ ವಾಸಿಯಾಗುವುದು ಅಂತ ಹಿಂದೆ ಮನೋವೈದ್ಯರಲ್ಲೂ ಅನೇಕರು ನಂಬಿದ್ದರು. 1990ರ ದಶಕದಿಂದ ಆ ನಂಬಿಕೆ ಬದಲಾಗಿದೆ. ನಂಟು ಬೇರೆ ರೂಪದಲ್ಲಿ ಉಳಿಯುತ್ತದೆ, ಉಳಿಯುವುದೇ ಸಹಜ ಅಂತ ಈಗ ಒಪ್ಪುತ್ತಾರೆ. ನಮ್ಮ ಕಡೆ ಪಿತೃಪಕ್ಷದಲ್ಲಿ ಹೋದವರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಬಟ್ಟೆ ಇಟ್ಟು ಎಡೆ ಹಾಕುವ ಜನಕ್ಕೆ ಇದು ಹೊಸ ವಿಷಯವೇನೂ ಅಲ್ಲ.

ಇನ್ನು ಗಾಳಿ ಸೋಕಿದೆ ಅನ್ನುವ ಮಾತು. ಬೈಕ್ ಸದ್ದಿಗೆ ಎದ್ದು ಬಾಗಿಲಿಗೆ ಹೋಗುವುದು ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ವರ್ಷಗಟ್ಟಲೆ ಅವಳ ಕಿವಿ ಆ ಹೊತ್ತಿಗೆ ಮಗನಿಗಾಗಿ ಕಾದಿದೆ. ಸುದ್ದಿ ಮನಸ್ಸಿಗೆ ಮುಟ್ಟಿದೆ, ಆದರೆ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಬಾಗಿಲಿಗೆ ಹೋದಾಗಲೆಲ್ಲ ಅವನಿಲ್ಲ ಅನ್ನುವುದನ್ನು ಮೈ ಇನ್ನೊಂದು ಸಲ ಕಲಿಯುತ್ತದೆ. ಅದಕ್ಕೇ ಸಂಜೆ ಹೊತ್ತು ಅವಳಿಗೆ ಅಷ್ಟು ಕಷ್ಟ. ಧ್ವನಿ ಕೇಳಿಸಿತು, ಅಲ್ಲೇ ನಿಂತಿದ್ದ ಹಾಗಾಯಿತು ಅಂತ ಅವಳು ಹೇಳಿದರೂ ಗಾಬರಿಯಾಗಬೇಡಿ. ವೇಲ್ಸ್‌ನ ಒಬ್ಬ ವೈದ್ಯರು ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಜನರಿಗೆ ಹೋದವರು ಹತ್ತಿರ ಇದ್ದಹಾಗೆ, ಕಂಡಹಾಗೆ, ಮಾತು ಕೇಳಿಸಿದ ಹಾಗೆ ಆಗಿತ್ತು. ಬಹಳ ಜನ ಅದನ್ನು ಯಾರಿಗೂ ಹೇಳಿರಲಿಲ್ಲ. ಶಾಸ್ತ್ರ ಕೇಳಿಸಿದರೆ ಮನೆಯವರಿಗೆ ಸಮಾಧಾನ ಆಗುತ್ತದೆ ಅಂದರೆ ನಾನು ಅಡ್ಡ ಬರುವುದಿಲ್ಲ. ಆದರೆ ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ‘ನಿನ್ನಿಂದಲೇ ಹಿಂಗಾಯ್ತು’ ಅನ್ನುವುದು ಶುರುವಾದರೆ ಅವಳನ್ನು ಅಲ್ಲಿಂದ ಎಬ್ಬಿಸಿಕೊಂಡು ಬನ್ನಿ. ಧ್ವನಿ ಅವಳನ್ನು ಬೈಯುತ್ತಿದ್ದರೆ, ‘ಬಾ’ ಅಂತ ಕರೆಯುತ್ತಿದ್ದರೆ, ತಡ ಮಾಡದೆ ವೈದ್ಯರಿಗೆ ತೋರಿಸಿ.

ಐದು ಹಂತದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅದನ್ನು 1969ರಲ್ಲಿ ಬರೆದವರು ಎಲಿಜಬೆತ್ ಕ್ಯೂಬ್ಲರ್ ರಾಸ್ ಅನ್ನುವ ಮನೋವೈದ್ಯೆ. ಅವರು ಮಾತಾಡಿಸಿದ್ದು ಸಾವು ಹತ್ತಿರ ಬಂದಿದ್ದ ರೋಗಿಗಳನ್ನು. ಆಮೇಲೆ ಅದನ್ನೇ ಸಾವು ಕಂಡ ಮನೆಯವರಿಗೂ ಹಚ್ಚಿದರು. ಜನ ಹಾಗೆ ಒಂದು, ಎರಡು, ಮೂರು ಅಂತ ಮೆಟ್ಟಿಲು ಹತ್ತುವುದಿಲ್ಲ. ತಂಗಿ ಯಾವ ಹಂತದಲ್ಲಿದ್ದಾಳೆ ಅಂತ ಲೆಕ್ಕ ಹಾಕಬೇಡಿ. ಜಾಸ್ತಿ ಅಳುತ್ತಿಲ್ಲ ಅಂತಲೂ ಚಿಂತೆ ಬೇಡ. ‘ಅವ್ಳನ್ನ ಅಳಿಸ್ರಪ್ಪ, ಇಲ್ದಿದ್ರೆ ಎದೆ ಒಡೆದೋಯ್ತದೆ’ ಅಂತ ಸುತ್ತ ಕೂತು ಅಳಿಸುವುದನ್ನು ನೋಡಿದ್ದೇನೆ. ಅಳು ಬಂದವರು ಅಳಬೇಕು, ಬಾರದವರನ್ನು ಹಿಂಡಬಾರದು.

ಅವಳ ಗಂಡನನ್ನು ಕಲ್ಲು ಮನಸ್ಸಿನವರು ಅಂತ ಯಾರಾದರೂ ಅನ್ನುತ್ತಿದ್ದರೆ ದಯವಿಟ್ಟು ತಡೆಯಿರಿ. ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಅನ್ನುವ ಇಬ್ಬರು ಸಂಶೋಧಕರು 1999ರಲ್ಲಿ ಬರೆದದ್ದು ನನಗೆ ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ದುಃಖದಲ್ಲಿರುವವರು ಒಂದು ಹೊತ್ತು ಕಳೆದುಕೊಂಡದ್ದರ ಕಡೆ ಇರುತ್ತಾರೆ, ಇನ್ನೊಂದು ಹೊತ್ತು ಬದುಕಿನ ಕೆಲಸದ ಕಡೆ. ಹೀಗೆ ಆಚೆ ಈಚೆ ಹೋಗಿ ಬರುವುದೇ ಆರೋಗ್ಯ. ನಿಮ್ಮ ತಂಗಿ ಹೆಚ್ಚು ಹೊತ್ತು ಒಂದು ಕಡೆ ಇದ್ದಾಳೆ, ಗಂಡ ಹೆಚ್ಚು ಹೊತ್ತು ಇನ್ನೊಂದು ಕಡೆ. ಕಬ್ಬಿಗೆ ನೀರು ಕಟ್ಟುತ್ತಾ ಬದುವಿನ ಮೇಲೆ ಕೂತು ಅಳುವ ಅಪ್ಪಂದಿರು ಇದ್ದಾರೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಯಜಮಾನರೋ ಅವರ ಅಣ್ಣತಮ್ಮಂದಿರೋ ಅವರ ಜೊತೆ ಗದ್ದೆಗೆ ಹೋಗಲಿ. ಎದುರು ಕೂತು ‘ಹೇಗಿದ್ದೀರಿ’ ಅಂದರೆ ‘ಏನಿಲ್ಲ’ ಅನ್ನುತ್ತಾರೆ. ಜೊತೆಗೆ ಕೆಲಸ ಮಾಡುವಾಗ ಮಾತು ತಾನಾಗಿ ಬರುತ್ತದೆ. ಕುಡಿತ ಶುರುವಾಗಿದೆಯಾ ಅಂತ ಗಮನಿಸಿ. ಶುರುವಾಗಿದ್ದರೆ ಬೈದು ಪ್ರಯೋಜನವಿಲ್ಲ, ಅವರಿಗೂ ನಿದ್ದೆ ಬರುತ್ತಿಲ್ಲ ಅಂತಲೇ ತಿಳಿದು ಮಾತಾಡಿ.

ಹೆಂಗಸರ ವಿಷಯಕ್ಕೂ ಇದೇ ಮಾತು. ಮಳವಳ್ಳಿ ಕಡೆಯ ಒಂದು ಮನೆಯಲ್ಲಿ, ಮಗಳನ್ನು ಕಳೆದುಕೊಂಡ ತಾಯಿ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಅವರ ಓರಗಿತ್ತಿ ಗುರುವಾರ ಗುರುವಾರ ಬರುತ್ತಿದ್ದರು. ಅವರೆಕಾಯಿ ಕಾಲ. ನೆನೆಸಿದ ಅವರೆಕಾಳಿನ ಪಾತ್ರೆ ಮಧ್ಯದಲ್ಲಿ ಇಟ್ಟುಕೊಂಡು ಇಬ್ಬರೂ ಸುಮ್ನೆ ಕೂತು ಹಿತುಕುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಕೈಗೆ ಕೆಲಸ, ಕಣ್ಣು ಪಾತ್ರೆಯ ಮೇಲೆ, ಮುಖ ನೋಡಬೇಕಾಗಿಲ್ಲ. ಕೆಲವು ವಾರ ಮಾತೇ ಇಲ್ಲ. ಆಮೇಲೊಂದು ದಿನ ಆ ತಾಯಿ, ‘ಅವ್ಳಿಗೆ ಇದ್ರ ಸಾರು ಅಂದ್ರೆ ಪ್ರಾಣ’ ಅಂದರಂತೆ. ಅಲ್ಲಿಂದ ಮಾತು ಶುರುವಾಯಿತು. ಆ ಓರಗಿತ್ತಿಗೆ ನಮ್ಮ ಹಾಗೆ ಯಾವ ತರಬೇತಿಯೂ ಇರಲಿಲ್ಲ.

ನೀವೂ ಹಾಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ‘ಏನಾದ್ರೂ ಬೇಕಾದ್ರೆ ಕೇಳು’ ಅಂದರೆ ಅವಳು ಕೇಳುವುದಿಲ್ಲ. ಏನು ಬೇಕು ಅಂತ ಯೋಚಿಸುವ ಶಕ್ತಿಯೂ ಈಗ ಅವಳಿಗಿಲ್ಲ. ‘ಭಾನುವಾರ ಬರ್ತೀನಿ, ಅಡುಗೆ ನಾನು ಮಾಡ್ತೀನಿ’ ಅಂತ ಹೇಳಿ, ಹೇಳಿದ ಹಾಗೆ ಹೋಗಿ. ಮೈಸೂರಿನಿಂದ ಮದ್ದೂರು ದೂರವೇನಲ್ಲ, ವಾರಕ್ಕೆ ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ ಹೋಗಬಹುದು. ಮನೆಯಲ್ಲಿ ವಯಸ್ಸಾದ ಅತ್ತೆ ಮಾವ ಇದ್ದರೆ ಬಿಪಿ, ಶುಗರ್ ಮಾತ್ರೆ ಬಿಟ್ಟಿದ್ದಾರಾ ನೋಡಿ. ಸಾವಿನ ಮನೆಯಲ್ಲಿ ಇದು ತಪ್ಪಿಹೋಗುವುದು ಸಾಮಾನ್ಯ. ಕಾಗದಪತ್ರದ ಕೆಲಸವನ್ನೂ ಯಾರಾದರೂ ಹೊತ್ತುಕೊಳ್ಳಬೇಕು. ಮರಣ ಪ್ರಮಾಣಪತ್ರ, ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿಯ ನಕಲು ತೆಗೆದಿಟ್ಟುಕೊಳ್ಳಿ. ಅಪಘಾತದ ಪರಿಹಾರಕ್ಕೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿದೆ. ಎರಡು ತಿಂಗಳು ಆಗಲೇ ಕಳೆದಿದೆ, ಈಗಲೇ ವಕೀಲರನ್ನು ಕಾಣಿ. ‘ಮಗನ ಸಾವಿಗೆ ದುಡ್ಡು ಕೇಳೋದಾ’ ಅಂತ ತಂದೆತಾಯಿಗೆ ಅನ್ನಿಸಬಹುದು. ಒತ್ತಾಯ ಮಾಡಬೇಡಿ, ಗಡುವಿನ ವಿಷಯ ಮಾತ್ರ ತಿಳಿಸಿಡಿ.

ಹುಡುಗನ ಸ್ನೇಹಿತರನ್ನು ಮರೆಯಬೇಡಿ. ಅಮ್ಮನ ಮುಖ ನೋಡಲು ಹೆದರಿ ಅವರು ಆ ಬೀದಿಯಲ್ಲೇ ಓಡಾಡುತ್ತಿರುವುದಿಲ್ಲ. ಅವರ ಮೊಬೈಲಿನಲ್ಲಿ ಅವಳು ನೋಡದ ಫೋಟೊಗಳಿರುತ್ತವೆ, ಅವಳಿಗೆ ಗೊತ್ತಿಲ್ಲದ ಕತೆಗಳಿರುತ್ತವೆ. ಮೊದಲು ತಂಗಿಯನ್ನು ಕೇಳಿ, ಅವಳಿಗೆ ಮನಸ್ಸಿದ್ದರೆ ಕರೆಸಿ. ಅಪಘಾತದ ದಿನ ಜೊತೆಯಲ್ಲಿದ್ದವರು ಯಾರಾದರೂ ಇದ್ದರೆ ಆ ಹುಡುಗನನ್ನು ಈಗಲೇ ಎದುರಿಗೆ ಕರೆತರಬೇಡಿ, ಅವನ ಯೋಗಕ್ಷೇಮವನ್ನು ಬೇರೆಯಾಗಿ ವಿಚಾರಿಸಿ.

9 ವರ್ಷದ ಮಗಳಿಗೆ ‘ಬತ್ತನೆ’ ಅಂದಿರುವುದು ನನಗೆ ಜಾಸ್ತಿ ಯೋಚನೆಯಾಗಿರುವ ವಿಷಯ. ಆ ವಯಸ್ಸಿನ ಮಕ್ಕಳಿಗೆ ಸತ್ತವರು ವಾಪಸ್ ಬರುವುದಿಲ್ಲ ಅಂತ ತಿಳಿಯುತ್ತದೆ. ಶಾಲೆಯಲ್ಲಿ ಯಾರೋ ಹೇಳಿಯೂ ಇರುತ್ತಾರೆ. ನಿಜ ಗೊತ್ತಿದ್ದೂ ದೊಡ್ಡವರಿಗೋಸ್ಕರ ಗೊತ್ತಿಲ್ಲದ ಹಾಗೆ ಇರುವ ಮಗು ಒಂಟಿಯಾಗುತ್ತದೆ. ‘ನಾನು ಅಣ್ಣನ ಜೊತೆ ಜಗಳ ಆಡಿದ್ದಕ್ಕೆ ಹೀಗಾಯ್ತು’ ಅಂತ ಒಳಗೇ ಅಂದುಕೊಂಡಿರಲೂಬಹುದು. ಅಪ್ಪ ಅಮ್ಮನ ಒಪ್ಪಿಗೆ ಪಡೆದು, ಅವರಿಗೆ ಆಗದಿದ್ದರೆ ದೊಡ್ಡಮ್ಮನಾದ ನೀವೇ ಹೇಳಿ. ‘ಅಣ್ಣಂಗೆ ಬೈಕ್‌ನಲ್ಲಿ ಪೆಟ್ಟಾಗಿ ಸತ್ತೋದ ಮಗಾ. ವಾಪಸ್ ಬರಲ್ಲ. ಇದರಲ್ಲಿ ನಿಂದೇನೂ ಇಲ್ಲ. ನಾವೆಲ್ಲ ನಿನ್ನ ಜೊತೆ ಇರ್ತೀವಿ.’ ಅಷ್ಟು ಸಾಕು, ಉಳಿದದ್ದು ಅವಳು ಕೇಳಿದಾಗ. ಹತ್ತು ನಿಮಿಷ ಅತ್ತು ಆಮೇಲೆ ಆಡಲು ಓಡಿದರೆ ಅರ್ಥವಾಗಿಲ್ಲ ಅಂತಲ್ಲ. ಮಕ್ಕಳ ದುಃಖ ತುಂಡು ತುಂಡಾಗಿಯೇ ಬರುವುದು. ಅವಳ ಟೀಚರಿಗೂ ವಿಷಯ ತಿಳಿಸಿ.

ಮೈಸೂರಿಗೆ ಕರೆತರುವ ವಿಚಾರ: ಅವಳೇ ಬರುತ್ತೇನೆ ಅಂದರೆ ನಾಲ್ಕು ದಿನ ಕರೆದುಕೊಂಡು ಬನ್ನಿ, ಮಗಳೂ ಜೊತೆಗಿರಲಿ. ಬಲವಂತ ಮಾಡಿದರೆ ಮಗನ ಮನೆಯಿಂದ ಕಿತ್ತು ತಂದ ಹಾಗಾಗುತ್ತದೆ. ವಾಪಸ್ ಹೋದ ದಿನ ಸಂಕಟ ಒಮ್ಮೆಗೇ ಹೆಚ್ಚಬಹುದು, ಅವತ್ತು ನೀವೂ ಜೊತೆಗೆ ಹೋಗಿ ಒಂದು ರಾತ್ರಿ ಅಲ್ಲೇ ಇರಿ. ಗಂಡ ಊರಲ್ಲಿ ಒಬ್ಬರೇ ಉಳಿಯುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಿದ್ದೆ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಕೊಡುವುದು ನಿಲ್ಲಬೇಕು, ಆದರೆ ಇವತ್ತಿಂದಿವತ್ತೇ ಕಿತ್ತುಕೊಳ್ಳಬೇಡಿ. ಆಲ್ಪ್ರಜೋಲಾಮ್ ತರಹದ ಮಾತ್ರೆಯಾಗಿದ್ದು ವಾರಗಟ್ಟಲೆ ತೆಗೆದುಕೊಂಡಿದ್ದರೆ, ಒಮ್ಮೆಲೇ ಬಿಟ್ಟಾಗ ಚಡಪಡಿಕೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಪಟ್ಟಿ ಸಮೇತ ವೈದ್ಯರ ಹತ್ತಿರ ಹೋಗಿ, ಅವರು ನಿಧಾನವಾಗಿ ಇಳಿಸುತ್ತಾರೆ. ಇಂಥ ಮಾತ್ರೆ ಕೆಲವು ರಾತ್ರಿ ನಿದ್ದೆ ತರಬಹುದು, ದುಃಖವನ್ನು ವಾಸಿ ಮಾಡುವುದಿಲ್ಲ. ಅಭ್ಯಾಸವಾಗಿಬಿಡುವ ಅಪಾಯವಿದೆ. ಅದೇ ಮಾತ್ರೆಯನ್ನು ಕುಡಿದ ಗಂಡಸರು ನುಂಗಿದರೆ ಉಸಿರಿಗೇ ಅಪಾಯ.

ಕೌನ್ಸೆಲಿಂಗ್ ಈಗಲೇ ಬೇಕಾ? ಸಾಯುವ ಯೋಚನೆ ಇದ್ದರೆ, ಊಟ ನಿದ್ದೆ ಪೂರ್ತಿ ಬಿಟ್ಟಿದ್ದರೆ ಈಗಲೇ ಬೇಕು. ಇಲ್ಲದಿದ್ದರೆ ಎರಡು ತಿಂಗಳಿಗೆ ಅವಳ ದುಃಖವನ್ನು ಕಾಯಿಲೆ ಅನ್ನಲು ಬರುವುದಿಲ್ಲ. ದುಃಖದಲ್ಲಿರುವ ಎಲ್ಲರಿಗೂ ಕೌನ್ಸೆಲಿಂಗ್ ಬೇಕು ಅನ್ನುವುದನ್ನು ನಾನು, ಅದೇ ಕೆಲಸದಲ್ಲಿದ್ದರೂ, ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿಯಲ್ಲಿ ‘ದೀರ್ಘಕಾಲದ ದುಃಖ’ ಒಂದು ಕಾಯಿಲೆಯಾಗಿ ಸೇರಿದೆ. ಕನಿಷ್ಠ ಆರು ತಿಂಗಳಾದರೂ ತೀವ್ರತೆ ಇಳಿಯದೆ, ಆ ಸಮಾಜದ ವಾಡಿಕೆಯನ್ನೂ ಮೀರಿ, ದಿನದ ಬದುಕೇ ನಿಂತುಹೋಗಿದ್ದರೆ ಮಾತ್ರ ಹಾಗೆ ಕರೆಯುತ್ತಾರೆ. ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ ದೊಡ್ಡವರಿಗೆ ಒಂದು ವರ್ಷದ ಲೆಕ್ಕ. ಅಲ್ಲಿಗೆ ಬಂದರೆ ಅದಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ. ಖಿನ್ನತೆಯೂ ಸೇರಿಕೊಂಡಿದ್ದರೆ ಅದಕ್ಕೆ ಮಾತ್ರೆ ಕೊಡುತ್ತಾರೆ.

ಮುಂದಿನ ಒಂದು ವರ್ಷದಲ್ಲಿ ಹಬ್ಬಗಳು, ಅವನ ಹುಟ್ಟಿದ ದಿನ, ಅವನ ಜೊತೆಯವರ ಪರೀಕ್ಷೆ ಫಲಿತಾಂಶ ಬರುವ ದಿನ, ವರ್ಷದ ತಿಥಿಯ ಹಿಂದಿನ ವಾರ ಅವಳಿಗೆ ಮತ್ತೆ ಕಷ್ಟವಾಗುತ್ತದೆ. ಚೇತರಿಸಿಕೊಂಡವಳು ಮತ್ತೆ ಕುಸಿದಳು ಅಂತ ಆಗ ಹೆದರಬೇಡಿ. ಆ ದಿನಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ಅವತ್ತು ಹೋಗಿ, ಆಗದಿದ್ದರೆ ಫೋನಾದರೂ ಮಾಡಿ.

ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. 2022ರಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತಂಗಿಯೇ ಮಾಡಬೇಕು ಅಂತಿಲ್ಲ. ಅವಳ ಹತ್ತಿರ ಹೇಗೆ ಮಾತಾಡಲಿ ಅಂತ ಕೇಳಲು ನೀವೂ ಮಾಡಬಹುದು. ಎತ್ತಿ ಆಡಿಸಿದ ಹುಡುಗ ನಿಮಗೂ ಇಲ್ಲವಾಗಿದ್ದಾನೆ. ನಿಮಗೆ ನಿದ್ದೆ ಬಾರದ ರಾತ್ರಿಯಲ್ಲೂ ಅದೇ ನಂಬರಿಗೆ ಮಾಡಿ.